ಗಾಯಗೊಂಡ ಆ 1363 ಮಂದಿಯ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜುಲೈ 26ಕ್ಕೆ ನೀವು ಹಾಕುವ ಕಾರ್ಗಿಲ್ ಪುಟವನ್ನು ತಪ್ಪದೆ ಓದುತ್ತೇನೆ. 1999ರ ಆ ಯುದ್ಧದಲ್ಲಿ ಪ್ರಾಣ ಕೊಟ್ಟ 527 ಯೋಧರ ನೆನಪು ಅದರಲ್ಲಿ ಇರುತ್ತದೆ, ಇರಲೇಬೇಕು. ಅದರ ಪಕ್ಕದಲ್ಲೇ ಒಂದು ಸಾಲು: 1363 ಮಂದಿ ಗಾಯಗೊಂಡರು. ಅಲ್ಲಿಗೆ ಮುಗಿಯಿತು. ಆ 1363ರಲ್ಲಿ ಒಬ್ಬರು ನಮ್ಮಪ್ಪ.

ಶೆಲ್ಲಿನ ಚೂರು ಬಡಿದು ಅಪ್ಪನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಗ ನನಗೆ ಮೂರು ವರ್ಷ. ಪುಣೆಯಲ್ಲಿ ಸೇನೆಯ ಕೃತಕ ಅಂಗ ಕೇಂದ್ರ ಇದೆ, 1944ರಿಂದ ನಡೆಯುತ್ತಿದೆ. ಅಲ್ಲಿ ಕಾಲು ಕೊಟ್ಟರು, ಮತ್ತೆ ನಡೆಯೋದನ್ನು ಕಲಿಸಿದರು. ಕಾಲು ಸಿಕ್ಕಿತಲ್ಲ, ಇನ್ನೇನು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಒಂದು ಸಲ ಹಾಕಿಸಿಕೊಂಡರೆ ಮುಗಿಯುವ ಕೆಲಸ ಅಲ್ಲ ಅದು. ಉಳಿದ ಕಾಲು ಬೆಳಗ್ಗೆ ಒಂದು ಗಾತ್ರ ಇದ್ದರೆ ಸಂಜೆ ಹೊತ್ತಿಗೆ ಸ್ವಲ್ಪ ಸೊರಗುತ್ತದೆ, ಅದು ಕೂರುವ ಕೃತಕ ಕಾಲಿನ ಬಟ್ಟಲು, ಅಂದರೆ ಸಾಕೆಟ್, ಸಡಿಲ ಆಗುತ್ತದೆ, ಆಗ ಅಪ್ಪ ಒಳಗೆ ಇನ್ನೊಂದು ಕಾಲುಚೀಲ ಏರಿಸುತ್ತಾರೆ. ರಾತ್ರಿ ಮಂಚದ ಅಂಚಿನಲ್ಲಿ ಕೂತು ಕಾಲು ಬಿಚ್ಚಿ ಆ ಚೀಲಗಳನ್ನು ತಾವೇ ಒಗೆದು ಹರವುತ್ತಾರೆ. ಇವತ್ತಿಗೂ ಆ ಕೆಲಸ ಅಮ್ಮನಿಗೆ ಬಿಟ್ಟಿಲ್ಲ. ಆಮೇಲೆ ಕೈಗನ್ನಡಿ. ಚರ್ಮ ಉಜ್ಜಿ ಕೆಂಪಾಗಿದೆಯಾ, ಗುಳ್ಳೆ ಎದ್ದಿದೆಯಾ ಅಂತ ಅಡಿಭಾಗ ನೋಡಬೇಕಲ್ಲ. ಚಿಕ್ಕವಳಿದ್ದಾಗ ಕನ್ನಡಿ ಹಿಡಿಯೋದು ನನ್ನ ಕೆಲಸ. "ಇಲ್ಲಿ ಕೆಂಪಗಿದೆ ಅಪ್ಪ" ಅಂದರೆ ಮರುದಿನ ಊರುಗೋಲು.

ಇಲ್ಲದ ಪಾದ ನೋಯುವುದು ಇನ್ನೂ ಕಷ್ಟ. ಬೆರಳುಗಳನ್ನು ಯಾರೋ ತಿರುಚಿದ ಹಾಗಾಗುತ್ತದೆ ಅನ್ನುತ್ತಿದ್ದರು. ನೆಂಟರು ಭ್ರಮೆ ಅಂದರು. ಭ್ರಮೆಯಲ್ಲ ಅದು. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ನೋಡಿದ ವೈದ್ಯ ಸೈಲಸ್ ವೇರ್ ಮಿಚೆಲ್ 1871ರಲ್ಲೇ ಇದನ್ನು ಫ್ಯಾಂಟಮ್ ಲಿಂಬ್ ಅಂತ ಕರೆದಿದ್ದರು. 1990ರ ದಶಕದಲ್ಲಿ ನಮ್ಮ ದೇಶದಲ್ಲೇ ಹುಟ್ಟಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಕನ್ನಡಿ ಚಿಕಿತ್ಸೆ ತೋರಿಸಿಕೊಟ್ಟರು. ಚೆನ್ನಾಗಿರುವ ಅಂಗವನ್ನು ಕನ್ನಡಿಯಲ್ಲಿ ನೋಡುತ್ತಾ ಆಡಿಸಬೇಕು, ಇಲ್ಲದಿರುವುದೇ ಆಡಿದಂತೆ ಮೆದುಳಿಗೆ ಅನಿಸುತ್ತದೆ, ಕೆಲವರಿಗೆ ನೋವು ತಗ್ಗುತ್ತದೆ. ನಮಗೆ ಇದು ತಿಳಿಯುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಮನೆಯಲ್ಲಿ ದಿನಾ ಕನ್ನಡಿ ಹಿಡಿದವರು ನಾವೇ, ಅದರಿಂದ ಇಂಥದ್ದೊಂದು ಆಗುತ್ತದೆ ಅಂತ ಹೇಳುವವರು ಇರಲಿಲ್ಲ. ಯಾವುದಾದರೂ ಪೇಪರಿನಲ್ಲಿ ನಾಲ್ಕು ಸಾಲು ಬಂದಿದ್ದರೆ ಅಪ್ಪನಿಗೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಹೀಗಿದ್ದೂ ಅಪ್ಪ ಅಪ್ಪನಾಗಿಯೇ ಇದ್ದರು, ಇದನ್ನು ಬರೆಯಲೇಬೇಕು. ಸೈಕಲ್ ಕಲಿಸುವಾಗ ಹಿಂದೆ ಓಡಲು ಆಗಲ್ಲ ಅಂತ ಮೈದಾನದ ನಡುವೆ ನಿಂತು ತಮ್ಮ ಸುತ್ತಲೇ ನನ್ನನ್ನು ಓಡಿಸಿದರು, ನಾನು ಸುತ್ತಿದಂತೆ ಅವರೂ ನಿಂತಲ್ಲೇ ತಿರುಗುತ್ತಾ "ಮುಂದೆ ನೋಡು, ನನ್ನನ್ನಲ್ಲ" ಅಂತ ಕೂಗುತ್ತಿದ್ದರು. ಅಮ್ಮನಿಗೆ ಜ್ವರ ಬಂದ ರಾತ್ರಿಗಳಲ್ಲಿ ಕಾಲು ತೊಡುವಷ್ಟು ಹೊತ್ತು ಕಾಯದೆ ಊರುಗೋಲಿನಲ್ಲೇ ಎದ್ದು ನೀರು ತರುತ್ತಿದ್ದರು. ಒಂದು ಕೈಯಲ್ಲಿ ಗೋಲು, ಇನ್ನೊಂದರಲ್ಲಿ ಲೋಟ, ದಾರಿಯುದ್ದಕ್ಕೂ ನೀರು ಚೆಲ್ಲಿರುತ್ತಿತ್ತು. ಅದನ್ನು ಒರೆಸಿಯೇ ಮಲಗುತ್ತಿದ್ದರು.

ಹೊರಗಿನವರು ಮಾತ್ರ ಹೀಗೆ ನಡೆದುಕೊಳ್ಳಲಿಲ್ಲ. ಒಂದು ಕಚೇರಿಯಲ್ಲಿ ಲಿಫ್ಟ್ ಇರಲಿಲ್ಲ, ಒಂದು ಸಹಿಗೋಸ್ಕರ ಎರಡನೇ ಮಹಡಿಗೆ ಮೂರು ಸಲ ಹತ್ತಿಸಿದರು. ಯಾರಾದರೂ ಕೆಳಗೆ ಬನ್ನಿ ಅಂತ ಬೇಡಿಕೊಂಡರೂ ಬರಲಿಲ್ಲ. ಅವತ್ತು ರಾತ್ರಿ ಕನ್ನಡಿಯಲ್ಲಿ ಕಂಡದ್ದು ಕೆಂಪಲ್ಲ, ರಕ್ತ.

ಮರೆವು ನಮ್ಮಪ್ಪನೊಬ್ಬರ ಪಾಲಿಗೆ ಬಂದದ್ದಲ್ಲ ಬಿಡಿ. ಮುರಳಿಕಾಂತ್ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದವರು, 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಈಜಿನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದವರು. ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. 46 ವರ್ಷ! ಚಿನ್ನ ಗೆದ್ದವರನ್ನೇ ಅಷ್ಟು ಕಾಲ ಕಾಯಿಸಿದ್ದೇವೆ ಅಂದರೆ ಪದಕ ಇಲ್ಲದೆ ಸುಮ್ನೆ ಮನೆಯಲ್ಲಿ ಸಂಸಾರ ಸಾಗಿಸುತ್ತಿರುವವರನ್ನು ಯಾರು ನೆನೆಯುತ್ತಾರೆ, ನೀವೇ ಹೇಳಿ.

ಅದಕ್ಕೇ ಕೇಳುತ್ತಿದ್ದೇನೆ, ಈ ಸಲ ಜುಲೈ ಪುಟದಲ್ಲಿ ಅರ್ಧ ಭಾಗ ಗಾಯಾಳುಗಳ ಮನೆಗಳಿಗೆ ಕೊಡಿ. ಯುದ್ಧದಲ್ಲಿ ಗಾಯಗೊಂಡವರಿಗೆ ಪ್ರತ್ಯೇಕ ಪಿಂಚಣಿ ಇದೆ, ಅದಕ್ಕೆ ಯಾವ ಕಾಗದ ಬೇಕು, ಕಾಲು ಸವೆದರೆ ಎಲ್ಲಿ ಬದಲಿಸಿಕೊಡುತ್ತಾರೆ, ನೋವಿಗೆ ಯಾರನ್ನು ಕಾಣಬೇಕು ಅನ್ನೋದನ್ನು ತಿಳಿದವರಿಂದ ಬರೆಸಿ. ವರದಿಗಾರರು ನಮ್ಮ ಮನೆಗೂ ಬರಲಿ. ಅಪ್ಪ ಯುದ್ಧದ ಬಗ್ಗೆ ಜಾಸ್ತಿ ಮಾತಾಡಲ್ಲ. ಕಾಲಿನ ಬಗ್ಗೆ ಕೇಳಿದರೆ ಎಲ್ಲವನ್ನೂ ಬಿಚ್ಚಿ ತೋರಿಸುತ್ತಾರೆ. ಆಗ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವಳನ್ನು ಇದುವರೆಗೆ ಯಾರೂ ಏನೂ ಕೇಳಿಲ್ಲ.

ಇಂತಿ,
ಒಬ್ಬ ಯೋಧನ ಮಗಳು