ನಿನ್ನ ಹುಡುಗ ಸುಳ್ಳು ಹೇಳಲಿ

ಪ್ರಿಯ ತಮ್ಮ,

ಏಂಜಲ್ ಐಲ್ಯಾಂಡ್ ಕಥೆ ಓದಿದೆ. ಅಮೆರಿಕಕ್ಕೆ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡ್ ಬಿಟ್ಟು, ಅದೇ ಕೆಲಸ ನಡೆಯುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಈ ದ್ವೀಪಕ್ಕೆ ಬಂದೆಯಲ್ಲ, ಅದೇ ಖುಷಿ. ಆದರೆ ನಿನ್ನ ಚೀನೀ ಹುಡುಗ ತೀರಾ ಮುಗ್ಧ, ಅಧಿಕಾರಿ ತೀರಾ ಕ್ರೂರಿ. ಮೊದಲ ಪುಟದಲ್ಲೇ ಇಬ್ಬರ ಬಣ್ಣವೂ ಗೊತ್ತಾಗಿಬಿಟ್ಟರೆ ಓದುವವನಿಗೇನು ಕೆಲಸ? ಹುಡುಗ ಸುಳ್ಳು ಹೇಳಲಿ ಬಿಡು.

ಅದಕ್ಕೆ ಕಾರಣವೂ ಇತ್ತು. 1882ರ ಕಾಯ್ದೆ ಚೀನೀ ಕೂಲಿಗಳಿಗೆ ಅಮೆರಿಕದ ಬಾಗಿಲು ಮುಚ್ಚಿತು. ವ್ಯಾಪಾರಿ, ವಿದ್ಯಾರ್ಥಿಗಳಂಥ ಕೆಲವರ ಜೊತೆಗೆ ಅಲ್ಲಿನ ಪೌರರ ಮಕ್ಕಳಿಗೆ ಮಾತ್ರ ಪ್ರವೇಶ. 1906ರ ಭೂಕಂಪ, ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. ಆಮೇಲೆ 'ನಾನು ಇಲ್ಲೇ ಹುಟ್ಟಿದವನು, ಇಲ್ಲಿನ ಪೌರ' ಎಂದವನ ಮಾತನ್ನು ಅಲ್ಲಗಳೆಯುವುದು ಹೇಗೆ? ಅಂಥವನು ಚೀನಾಕ್ಕೆ ಹೋಗಿಬಂದು, ಮಗ ಹುಟ್ಟಿದನೆಂದು ಬರೆಸಿ, ಆ ಜಾಗವನ್ನು ಬೇರೆಯವರ ಮಗನಿಗೆ ಮಾರುತ್ತಿದ್ದ. 'ಕಾಗದದ ಮಕ್ಕಳು' ಎಂದರೆ ಇವರೇ.

1910ರಲ್ಲಿ ದ್ವೀಪದಲ್ಲಿ ವಲಸಿಗರನ್ನು ತಡೆದು ವಿಚಾರಿಸುವ ಠಾಣೆ ತೆರೆಯಿತು. ದಾಖಲೆ ಇಲ್ಲದ ಕಡೆ ಅಧಿಕಾರಿಗಳು ನೆನಪನ್ನೇ ಜಾಲಾಡಿದರು. ಮನೆಬಾಗಿಲು ಯಾವ ದಿಕ್ಕಿಗೆ? ಮೆಟ್ಟಿಲೆಷ್ಟು? ಅಕ್ಕಿ ಎಲ್ಲಿಡುತ್ತಿದ್ದರು? ಮೂರನೇ ಮನೆಯಲ್ಲಿ ಯಾರಿದ್ದರು? ಇದನ್ನೇ ಅಪ್ಪನಿಗೂ ಬೇರೆಯಾಗಿ ಕೇಳಿ ತಾಳೆ ನೋಡುವುದು. ಒಳಒಪ್ಪಂದವಾದೀತೆಂದು ನಡುವೆ ದುಭಾಷಿಯನ್ನೂ ಬದಲಿಸುತ್ತಿದ್ದರು. ಹುಡುಗರು ಉತ್ತರದ ಪುಸ್ತಕ ಬಾಯಿಪಾಠ ಮಾಡಿ, ಹಡಗು ದಡ ಮುಟ್ಟುವ ಮೊದಲೇ ಅದನ್ನು ಸಮುದ್ರಕ್ಕೆ ಎಸೆಯುತ್ತಿದ್ದರು.

ಹೊಟ್ಟೆಯಲ್ಲಿ ಹುಟ್ಟಿದ ಮಗನೂ ಬಾಯಿಪಾಠ ಮಾಡಲೇಬೇಕಿತ್ತು! ತನ್ನ ಮನೆಯ ಮೆಟ್ಟಿಲು ಯಾರು ಎಣಿಸಿರುತ್ತಾರೆ? ನಿನ್ನ ಮನೆಯದೆಷ್ಟು, ಹೇಳು ನೋಡೋಣ. ಅಪ್ಪ ಐದು ಎಂದು ಮಗ ಆರು ಎಂದರೆ ರಕ್ತಸಂಬಂಧಕ್ಕೇ ಸಂಚಕಾರ. ನಿನ್ನ ಕಥೆ ಇರುವುದು ಇಲ್ಲಿ. ನೀನೋ ವಿಚಾರಣೆಯನ್ನು ಒಂದು ಪ್ಯಾರಾದಲ್ಲಿ ಮುಗಿಸಿ, ಹುಡುಗನ ಅಳುವಿಗೆ ಎರಡು ಪುಟ ಕೊಟ್ಟಿದ್ದೀಯ. ನಿಜ ಮಗನೊಬ್ಬ, ಕಾಗದದ ಮಗನೊಬ್ಬ, ಅಕ್ಕಪಕ್ಕದ ಮಂಚದಲ್ಲಿ ಮಲಗಿ ಅವವೇ ಉತ್ತರಗಳನ್ನು ಗೊಣಗಿಕೊಳ್ಳಲಿ.

'ವೈದ್ಯಕೀಯ ತಪಾಸಣೆ ನಡೆಯಿತು' ಎಂದು ಜಾರಿಕೊಂಡಿದ್ದೀಯಲ್ಲ, ಯಾಕೆ ಸಂಕೋಚ? ಅಲ್ಲಿ ಮಲ ಪರೀಕ್ಷೆ ಇತ್ತು. ಕೊಕ್ಕೆಹುಳು ಸಿಕ್ಕರೆ, ವಾಪಸು ಕಳಿಸಲು ಅಷ್ಟೇ ಸಾಕು. ಪಂಜಾಬಿನಿಂದ ಹೋದ ನಮ್ಮವರನ್ನೂ ಇದೇ ನೆಪದಲ್ಲಿ ತಡೆದರು. ಮೊದಲ ದರ್ಜೆಯವರದು ಬಹುಮಟ್ಟಿಗೆ ಹಡಗಿನಲ್ಲೇ ಮುಗಿಯುತ್ತಿತ್ತು. ಮೂರನೇ ದರ್ಜೆಯ ಹುಡುಗ ಪಾತ್ರೆ ಹಿಡಿದು ಕೂತ ಅವಮಾನವನ್ನು ಬರೆ, ಮೂಗು ಮುಚ್ಚಿಕೊಳ್ಳಬೇಡ.

ಅಲ್ಲಿ ತಡೆಹಿಡಿದಿದ್ದವರು ಗೋಡೆಯಲ್ಲಿ ಕೆತ್ತಿದ ಕವಿತೆಗಳು ನಿಜ, ಈಗಲೂ ಇವೆ. ಆದರೆ ಕಥೆ ಸೊರಗಿದಾಗೆಲ್ಲ ಕವಿತೆ ಕರೆತರುವುದು ನನಗೆ ಹಿಡಿಸಲಿಲ್ಲ.

ಇನ್ನು ಕೊನೆ. ಹುಡುಗ ದೋಣಿ ಹತ್ತಿದಲ್ಲಿಗೆ ನಿಲ್ಲಿಸಿದ್ದೀಯ. ಕೊಂಡ ಮನೆತನದ ಹೆಸರು ಅವನ ಮಕ್ಕಳಿಗೂ ಅಂಟುತ್ತದೆ. 1943ರಲ್ಲಿ ಕಾಯ್ದೆ ಹೋದರೂ ಸುಳ್ಳು ಹೋಗಲಿಲ್ಲ. 1956ರಲ್ಲಿ ಸರ್ಕಾರ 'ತಪ್ಪೊಪ್ಪಿಕೊಳ್ಳಿ' ಎಂದಿತು. ಒಪ್ಪಿಕೊಂಡವನು ಕಾಗದದ ಅಪ್ಪ, ಅಣ್ಣತಮ್ಮಂದಿರ ಹೆಸರನ್ನೂ ಬಾಯಿಬಿಡಬೇಕು. ಆಗ ನಿನ್ನ ಹುಡುಗ ಏನು ಮಾಡುತ್ತಾನೆ? ಅಲ್ಲಿವರೆಗೆ ಹೋದರೆ ಇದು ಕಾದಂಬರಿಯಾದೀತು, ಆಗಲಿ. ದೀಪಾವಳಿ ವಿಶೇಷಾಂಕಕ್ಕೆಂದು ಅವಸರ ಮಾಡಬೇಡ. ವಿಚಾರಣೆಯ ಭಾಗವನ್ನಷ್ಟೇ ಮೊದಲು ಬರೆದು ಕಳಿಸು.

ಇತಿ,
ನಿನ್ನ ಹಿರಿಯ