ಏಳು ಹಾಳೆಗಳ ಸಹ್ಯಾದ್ರಿ

ಅಕ್ಟೋಬರಿನ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರಗಳು ಒಂದು ಗಂಟೆ ಹಿಂದೆ ಸರಿದರೆ ಸಂಜೆ ಐದಕ್ಕೇ ಕತ್ತಲು. ದೀಪಾವಳಿಯೂ ಹೆಚ್ಚುಕಡಿಮೆ ಅದೇ ಆಸುಪಾಸಿನಲ್ಲಿ ಬರುತ್ತದೆ. ಈ ಸಲದ ಹಬ್ಬದ ಕಾರ್ಯಾಗಾರದಲ್ಲಿ ಹಣತೆಗೆ ಬಣ್ಣ ಹಚ್ಚಿಸುವ ಬದಲು, ಕಾಗದವನ್ನು ಪದರ ಪದರವಾಗಿ ಕತ್ತರಿಸಿ ಬೆಳಕಿನ ಪೆಟ್ಟಿಗೆ ಮಾಡಿಸೋಣವೆಂದು ಇಲ್ಲಿನ ನಮ್ಮ ಕನ್ನಡ ಬಳಗದ ಸಮಿತಿ ಒಪ್ಪಿದೆ. ಆಳವಿರುವ ಒಂದು ಚೌಕಟ್ಟು, ಅದರೊಳಗೆ ಒಂದರ ಹಿಂದೊಂದು ನಿಂತ ಏಳು ಬಿಳಿ ಹಾಳೆಗಳು, ಎಲ್ಲಕ್ಕೂ ಹಿಂದೆ ಎಲ್‌ಇಡಿ ದೀಪಗಳ ಪಟ್ಟಿ, ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಸಿದ್ಧ ನಕ್ಷೆಯನ್ನು ಇಳಿಸಿಕೊಂಡು ಕಾಗದ ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಇನ್ನೂ ಬೇಗ ಮುಗಿಯುತ್ತದೆಯೆಂಬುದು ನಿಜವಾದರೂ, ಯಾವುದು ಮುಂದೆ, ಯಾವುದು ಹಿಂದೆ ಎಂದು ಕುಳಿತು ಯೋಚಿಸುವುದರಲ್ಲೇ ಈ ಕುಶಲಕಲೆಯ ಸುಖವಿರುವುದರಿಂದ, ಕನಿಷ್ಠ ನಕ್ಷೆಯಾದರೂ ನಮ್ಮದೇ ಆಗಿರಲಿ ಎಂಬುದು ನನ್ನ ಹಟ.

ಈ ಉಪಾಯ ಹೊಸದಲ್ಲ. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದ ಮಾರ್ಟಿನ್ ಎಂಗೆಲ್‌ಬ್ರೆಕ್ಟ್, ಒಂದರ ಹಿಂದೊಂದು ನಿಲ್ಲಿಸಿ ನೋಡುವ ಕಾಗದದ ರಂಗದೃಶ್ಯಗಳನ್ನು ಅಚ್ಚು ಹಾಕಿ ಮಾರುತ್ತಿದ್ದರು. 1843ರಲ್ಲಿ ಥೇಮ್ಸ್ ನದಿಯಡಿಯ ಸುರಂಗ ತೆರೆದಾಗ ಲಂಡನ್ನಿನ ಜನ ನೆನಪಿಗೆಂದು ಕೊಂಡದ್ದು ಇಂಥದೇ ಮಡಿಸುವ ಕಾಗದದ ಇಣುಕು ನೋಟಗಳನ್ನು. ಹಿಂದಿನಿಂದ ಬೆಳಕು ಬಿಟ್ಟು ಚಿತ್ರ ಕಾಣಿಸುವ ವಿದ್ಯೆಯಂತೂ ನಮ್ಮ ತೊಗಲುಗೊಂಬೆಯವರಿಗೆ ಚೆನ್ನಾಗಿ ಗೊತ್ತು: ಬೆಳಕು ಹಾಯುವಷ್ಟು ತೆಳ್ಳಗೆ ಹದಮಾಡಿದ ತೊಗಲಿಗೆ ಬಣ್ಣ ಹಾಕಿ, ಒಡವೆ ಇರುವೆಡೆ ಸಾಲಾಗಿ ರಂಧ್ರ ಕೊರೆದು, ಪರದೆಯ ಹಿಂದೆ ದೀಪವಿಟ್ಟರೆ ಆ ರಂಧ್ರಗಳೇ ಮುತ್ತುಗಳಾಗುತ್ತವೆ.

ನಮ್ಮ ಪೆಟ್ಟಿಗೆಯಲ್ಲಿ ಬಣ್ಣವೇ ಇಲ್ಲ. ಆಗುಂಬೆಯ ಸೂರ್ಯಾಸ್ತವನ್ನೇ ತೆಗೆದುಕೊಳ್ಳೋಣ. ತೀರ ಹಿಂದಿನ ಹಾಳೆ ಇಡಿಯಾಗಿ ಆಕಾಶ. ಅದರಲ್ಲಿ ದುಂಡಗೆ ಕತ್ತರಿಸಿದ ಕಿಂಡಿ ಸೂರ್ಯ. ಅದರ ಮುಂದಿನ ಹಾಳೆಯಲ್ಲಿ ದೂರದ ಬೆಟ್ಟದ ಸಾಲು ಎತ್ತರಕ್ಕಿರಬೇಕು. ಮುಂದೆ ಬಂದಂತೆ ಪ್ರತಿ ಸಾಲೂ ತುಸು ತುಸು ತಗ್ಗಬೇಕು. ಎಲ್ಲಕ್ಕೂ ಮುಂದಿನ ಹಾಳೆಯಲ್ಲಿ ಕೆಳಗಡೆ ಹೆಂಚಿನ ಮನೆ, ಬದಿಗಳಲ್ಲಿ ಅಡಿಕೆ ಮರ. ಆಕಾಶದಲ್ಲಿ ಬೆಳಕು ಒಂದೇ ಹಾಳೆಯನ್ನು ದಾಟುತ್ತದೆ, ದೂರದ ಬೆಟ್ಟದಲ್ಲಿ ಎರಡನ್ನು, ಮನೆಯ ಗೋಡೆಯಲ್ಲಿ ಏಳನ್ನೂ. ಹೀಗಾಗಿ ದೂರದ್ದು ಮಂಜಿನಲ್ಲಿ ತೇಲಿದಂತೆ ತಿಳಿಯಾಗಿಯೂ ಹತ್ತಿರದ್ದು ಕಡುಗಪ್ಪಾಗಿಯೂ ಕಾಣುತ್ತದೆ. ಘಟ್ಟದ ಸಾಲುಗಳು ಸಂಜೆ ಕಾಣುವುದೂ ಹಾಗೆಯೇ. ಬಣ್ಣದ ದಪ್ಪ ಕಾಗದ ಹಾಕಿದರೆ ಈ ಏರಿಳಿತವೆಲ್ಲ ನಷ್ಟ. 160ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ತೂಕದ ನುಣುಪಾದ ಬಿಳಿ ಕಾರ್ಡ್ ಹಾಳೆ ಸರಿಹೋಗುತ್ತದೆ. ಮುದ್ರಣಕ್ಕೆ ಬಳಸುವ 80 ಜಿಎಸ್‌ಎಂ ಹಾಳೆ ಬಳುಕುತ್ತದೆ.

ಮರೆಯಬಾರದ ಸಂಗತಿಯೆಂದರೆ, ಪ್ರತಿ ಹಾಳೆಯಲ್ಲೂ ಉಳಿಯುವ ಭಾಗವೆಲ್ಲ ಎಲ್ಲಾದರೊಂದು ಕಡೆ ಅಂಚಿಗೆ ಅಂಟಿಕೊಂಡಿರಬೇಕು. ಹಕ್ಕಿ ಗಾಳಿಯಲ್ಲಿ ಹಾರಲಾರದು, ಕೊಂಬೆಯ ಮೇಲೆ ಕೂರಬೇಕು. ಕನ್ನಡದಲ್ಲಿ ಹೆಸರನ್ನೋ ಶುಭಾಶಯವನ್ನೋ ಕೊರೆಯಬಯಸುವವರಿಗೆ ಇದೇ ದೊಡ್ಡ ಸವಾಲು, ಏಕೆಂದರೆ ನಮ್ಮ ಅಕ್ಷರಗಳಲ್ಲಿ ಮುಚ್ಚಿದ ಹೊಟ್ಟೆಗಳು ಹೆಚ್ಚು. ‘ರ’ ಕೊರೆದರೆ ಒಳಗಿನ ದುಂಡು ಕಳಚಿ ಬೀಳುತ್ತದೆ. ‘ಠ’ದಲ್ಲಿ ಒಳಗೊಂದು ಚುಕ್ಕೆ ಬೇರೆ. ಇಂಥ ಕಡೆ ಎರಡು ಮಿಲಿಮೀಟರ್ ಅಗಲದ ಸೇತುವೆಯೊಂದನ್ನು ಕತ್ತರಿಸದೆ ಉಳಿಸಬೇಕು. ಪೆನ್ಸಿಲ್ ಗೆರೆ ಕಾಣದಿರಲೆಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬಿಡಿಸುವವರು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕೆಂಬುದನ್ನೂ ನೆನಪಿಡಿ.

ಮೊದಲು ಒಳಗಿನ ಸಣ್ಣ ಕಿಂಡಿಗಳನ್ನು, ಆಮೇಲೆ ದೊಡ್ಡ ಅಂಚನ್ನು ಕತ್ತರಿಸಿದರೆ ಹಾಳೆಗೆ ಬಲ ಉಳಿಯುತ್ತದೆ. ತಿರುವು ಬಂದಾಗ ಕಾಗದವನ್ನು ತಿರುಗಿಸಿ, ಬ್ಲೇಡನ್ನಲ್ಲ. ಮೊಂಡಾದ ಬ್ಲೇಡು ಕಾಗದವನ್ನು ಹರಿಯುತ್ತದೆ, ಹೆಚ್ಚು ಒತ್ತಿದರೆ ಬೆರಳಿಗೂ ಅಪಾಯ. ಜಿಪುಣತನ ಬೇಡ, ಆಗಾಗ ಬದಲಿಸಿ. ಹಾಳೆಗಳ ನಡುವೆ 5 ಮಿಲಿಮೀಟರ್ ದಪ್ಪದ ಫೋಮ್ ಬೋರ್ಡಿನ ಪಟ್ಟಿಗಳನ್ನು ನಾಲ್ಕೂ ಅಂಚಿಗೆ ಅಂಟಿಸಿದರೆ ಏಳು ಹಾಳೆಗಳಿಗೆ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ಆಳ ಬೇಕಾಗುತ್ತದೆ, ದೀಪಕ್ಕೆ ಇನ್ನೊಂದೂವರೆ. ಎಲ್‌ಇಡಿ ಪಟ್ಟಿಯನ್ನು ಚಿತ್ರದ ಬೆನ್ನಿಗೇ ಹಚ್ಚಿದರೆ ದೀಪಗಳು ಚುಕ್ಕೆ ಚುಕ್ಕೆಯಾಗಿ ಕಂಡು ಆಕಾಶವೆಲ್ಲ ಹಾಳು. ಅದನ್ನು ಪೆಟ್ಟಿಗೆಯ ಒಳಗೋಡೆಗಳ ಸುತ್ತ ಅಂಟಿಸಿ, ಹಿಂಬದಿಗೆ ಬಿಳಿ ರಟ್ಟು ಕೊಟ್ಟು, ಆಕಾಶದ ಹಾಳೆಗೆ ಹಿಂದಿನಿಂದ ಬಟರ್ ಪೇಪರ್ ಹಚ್ಚಿದರೆ ಬೆಳಕು ಸಮನಾಗಿ ಹರಡುತ್ತದೆ. ಬೆಚ್ಚನೆಯ ಹಳದಿ ಛಾಯೆಯ ಪಟ್ಟಿಯನ್ನೇ ಆರಿಸಿ. ನೀಲಿ ಬೆರೆತ ಬಿಳಿ ಬೆಳಕಿನಲ್ಲಿ ಸಂಜೆ ಸಂಜೆಯಾಗಿ ಕಾಣುವುದಿಲ್ಲ. ಹಬ್ಬವೆಂದು ಹಣತೆಯನ್ನಾಗಲಿ ಮೇಣದ ಬತ್ತಿಯನ್ನಾಗಲಿ ಒಳಗಿಡುವಂತಿಲ್ಲ.

ಕಾರ್ಯಾಗಾರದಲ್ಲಿ ಹಾಳೆ, ಬ್ಲೇಡು, ಚೌಕಟ್ಟು, ದೀಪದ ಪಟ್ಟಿ ಎಲ್ಲವನ್ನೂ ಬಳಗವೇ ಒದಗಿಸುತ್ತದೆ. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳು ಗೆರೆ ಎಳೆದು ಕೊಡಲಿ, ಬ್ಲೇಡು ಅಪ್ಪ ಅಮ್ಮಂದಿರ ಕೈಯಲ್ಲಿರಲಿ. ಬರುವ ಮುನ್ನ ನಿಮ್ಮೂರಿನ ಒಂದು ನೋಟವನ್ನು, ಹತ್ತಿರದ್ದು ಯಾವುದು, ದೂರದ್ದು ಯಾವುದೆಂದು ಗುರುತು ಹಾಕಿ, ಪೆನ್ಸಿಲಿನಲ್ಲಿ ಬಿಡಿಸಿಕೊಂಡು ಬನ್ನಿ.