ಗೃಹ ಸಚಿವರೇ, ಎಷ್ಟು ಫೋನ್ ಕೇಳಿಸಿಕೊಂಡಿರಿ? ಲೆಕ್ಕ ಕೊಡಿ

ಮಾನ್ಯ ಗೃಹ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ನಮಸ್ಕಾರ.

ಫೋನ್ ಕದ್ದಾಲಿಕೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 1988ರಲ್ಲಿ ಅದೇ ಆರೋಪ ಬಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. 2019ರಲ್ಲಿ ಮತ್ತೆ ಗಲಾಟೆ ಎದ್ದು ತನಿಖೆ ಸಿಬಿಐಗೆ ಹೋಯಿತು. ಎರಡೂ ಸಲ ಜನ ಮಾತಾಡಿದ್ದು ಯಾವ ನಾಯಕರ ಫೋನು, ಯಾರು ಮಾಡಿಸಿದ್ದು ಅನ್ನುವುದನ್ನು ಮಾತ್ರ. ನಿಮ್ಮ ಒಳಾಡಳಿತ ಇಲಾಖೆಯಿಂದ ಸಹಿ, ಸೀಲು ಸಮೇತ ಕಾನೂನಿನ ಪ್ರಕಾರವೇ ಹೊರಡುವ ಕದ್ದಾಲಿಕೆ ಆದೇಶಗಳ ಬಗ್ಗೆ ಯಾರೂ ಕೇಳಲಿಲ್ಲ. ಈ ಪತ್ರ ಅದರ ಬಗ್ಗೆ.

ನಾನು ಬೆಂಗಳೂರಿನ ಕೋರ್ಟುಗಳಲ್ಲಿ ಕ್ರಿಮಿನಲ್ ಪ್ರಕರಣ ನಡೆಸುವ ವಕೀಲೆ. ಕಕ್ಷಿದಾರರು ಈಗೀಗ ಜಾಸ್ತಿ ಕೇಳುವ ಪ್ರಶ್ನೆ ಒಂದೇ: ‘ಮೇಡಂ, ಆ ರೆಕಾರ್ಡಿಂಗ್ ಕೋರ್ಟಲ್ಲಿ ನಡೆಯುತ್ತಾ?’ ಪೊಲೀಸರು ಕದ್ದು ಕೇಳಿದ್ದು ಹೇಗೆ ನಡೆಯುತ್ತೆ ಅಂತ ಅವರಿಗೆ ಆಶ್ಚರ್ಯ. ನಡೆಯುತ್ತೆ ಅಂತಲೇ ನಾನು ಹೇಳಬೇಕಾಗುತ್ತದೆ.

ನಮ್ಮ ಸಾಕ್ಷ್ಯ ಕಾನೂನು ಇರುವುದೇ ಹಾಗೆ. 1972ರ ಮಲ್ಕಾನಿ ಪ್ರಕರಣ ನೋಡಿ. ಅನುಮಾನಾಸ್ಪದ ಸಾವುಗಳ ವಿಚಾರಣೆ ನಡೆಸುವ ಮುಂಬೈಯ ಅಧಿಕಾರಿಯೊಬ್ಬರು (ಕರೋನರ್) ಇನ್ನೊಬ್ಬ ವೈದ್ಯರ ಮೂಲಕ ವೈದ್ಯರೊಬ್ಬರ ಬಳಿ ಲಂಚ ಕೇಳಿದ್ದರು. ನಡುವೆ ಇದ್ದ ಆ ವೈದ್ಯರ ಒಪ್ಪಿಗೆ ಪಡೆದು ಪೊಲೀಸರು ಅವರ ಫೋನಿಗೆ ರೆಕಾರ್ಡರ್ ಜೋಡಿಸಿದ್ದರು. ಸುಪ್ರೀಂ ಕೋರ್ಟ್ ಆ ಪ್ರಕರಣಕ್ಕಷ್ಟೇ ನಿಲ್ಲಲಿಲ್ಲ. ಅಕ್ರಮವಾಗಿ ಸಿಕ್ಕ ಸಾಕ್ಷ್ಯವಾದರೂ ಪ್ರಕರಣಕ್ಕೆ ಸಂಬಂಧಪಟ್ಟಿದ್ದರೆ ಒಪ್ಪಬಹುದು ಅಂದುಬಿಟ್ಟಿತು. 2005ರಲ್ಲಿ ಸಂಸತ್ ದಾಳಿ ಪ್ರಕರಣದಲ್ಲೂ ಅದೇ ಮಾತು: ಕದ್ದಾಲಿಕೆಯ ನಿಯಮ ತಪ್ಪಿದ್ದರೂ ಮಾತುಕತೆಯ ದಾಖಲೆ ಸಾಕ್ಷ್ಯವಾಗುತ್ತದೆ. 2025ರ ಜುಲೈಯಲ್ಲಂತೂ ಹೆಂಡತಿಗೆ ಗೊತ್ತಿಲ್ಲದೆ ಗಂಡ ರೆಕಾರ್ಡ್ ಮಾಡಿಕೊಂಡ ಮಾತುಗಳೂ ವಿಚ್ಛೇದನ ಪ್ರಕರಣದಲ್ಲಿ ಬರಬಹುದು ಎಂದಾಯಿತು.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆಯಲ್ಲ, ಅದರ ಸೆಕ್ಷನ್ 63 ಬಿಗಿಯಾಗಿದೆ. ಎರಡು ಭಾಗದ ಪ್ರಮಾಣಪತ್ರ ಬೇಕು, ಒಂದಕ್ಕೆ ತಜ್ಞರ ಸಹಿ ಬೇಕು, ಫೈಲಿನ ಹ್ಯಾಶ್ ಮೌಲ್ಯ (ಫೈಲಿಗೆ ಬೆರಳಚ್ಚಿನಂತಿರುವ ಒಂದು ಸಂಕೇತ) ಬರೆಯಬೇಕು. ಒಳ್ಳೆಯದೇ. ಆದರೆ ಇದೆಲ್ಲ ಫೈಲು ಅಸಲಿಯೋ ನಕಲಿಯೋ ಅಂತ ನೋಡುವುದಕ್ಕೆ. ಅದು ಪೊಲೀಸರ ಕೈಗೆ ಯಾವ ದಾರಿಯಲ್ಲಿ ಬಂತು ಅಂತ ಆ ಸೆಕ್ಷನ್ ಕೇಳುವುದೇ ಇಲ್ಲ.

ಅಂದರೆ ಕೋರ್ಟಿಗೆ ಬಂದ ಮೇಲೆ ತಡೆ ಕಡಿಮೆ. ತಡೆಯಬೇಕಾದ್ದು ಆದೇಶಕ್ಕೆ ಸಹಿ ಬೀಳುವ ಹೊತ್ತಿನಲ್ಲೇ. ಆ ಸಹಿ ಬೀಳುವುದು ನಿಮ್ಮ ಇಲಾಖೆಯಲ್ಲಿ. ಹಾಗಾಗಿ ಈ ಪತ್ರ ನ್ಯಾಯಾಧೀಶರಿಗಲ್ಲ, ನಿಮಗೆ.

1996ರ ಡಿಸೆಂಬರ್‌ನಲ್ಲಿ, ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ವ್ಯವಸ್ಥೆ ಹಾಕಿಕೊಟ್ಟಿತು. ನ್ಯಾಯಾಧೀಶರ ಮುಂಚಿನ ಅನುಮತಿ ಬೇಕು ಎಂಬ ಬೇಡಿಕೆಯನ್ನು ಒಪ್ಪಲಿಲ್ಲ. ಬದಲಿಗೆ ಗೃಹ ಕಾರ್ಯದರ್ಶಿ ಆದೇಶ ಕೊಡಲಿ, ಪರಿಶೀಲನಾ ಸಮಿತಿ ಅದನ್ನು ನೋಡಲಿ ಅಂದಿತು. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂತು, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳೂ ಬಂದವು. ವ್ಯವಸ್ಥೆ ಮಾತ್ರ ಅದೇ. ಒಂದು ಆದೇಶಕ್ಕೆ 60 ದಿನ, ಮುಂದುವರಿಸುತ್ತಾ ಹೋದರೆ 180 ದಿನ. ರಾಜ್ಯದ ಸಮಿತಿಯಲ್ಲಿ ಇರುವವರು ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಮತ್ತೊಬ್ಬ ಕಾರ್ಯದರ್ಶಿ. ಮೂವರೂ ಸರ್ಕಾರದವರೇ. ಕೇಳುವವರೂ ಸರ್ಕಾರ, ಕೇಳಿದ್ದು ಸರಿಯೇ ಅಂತ ನೋಡುವವರೂ ಸರ್ಕಾರ.

ಈ ಸಮಿತಿ ಎರಡು ತಿಂಗಳಿಗೊಮ್ಮೆ ಸೇರಬೇಕು. ಕೇಂದ್ರದ ಸಮಿತಿಯ ಕಥೆಯನ್ನು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿ ಹೇಳಿದೆ: ಒಂದು ಸಭೆಯಲ್ಲಿ 15,000ದಿಂದ 18,000 ಆದೇಶ ಪರಿಶೀಲಿಸಬೇಕಾದ ಪರಿಸ್ಥಿತಿ. ಎಂಟು ಗಂಟೆ ಎದ್ದೇಳದೆ ಕೂತರೂ ಒಂದು ಆದೇಶಕ್ಕೆ ಎರಡು ಸೆಕೆಂಡೂ ಸಿಗುವುದಿಲ್ಲ. ಹೆಸರು ಓದಿ ಮುಗಿಸುವುದಕ್ಕೂ ಅಷ್ಟು ಸಾಲದು, ಅಲ್ವಾ? ಕರ್ನಾಟಕದಲ್ಲಿ ಪರಿಸ್ಥಿತಿ ಇಷ್ಟು ಕೆಟ್ಟಿಲ್ಲದೆ ಇರಬಹುದು. ಇದ್ದರೂ ಇರಬಹುದು. ಲೆಕ್ಕ ಹೊರಗೆ ಬಂದರೆ ತಾನೇ ಹೇಳಲು ಸಾಧ್ಯ!

ಹೊಸ ನಿಯಮದಲ್ಲಿ ನನಗೆ ಮೆಚ್ಚುಗೆಯಾದ ಒಂದು ಅಂಶ ಇದೆ. ದೂರದ ಪ್ರದೇಶ ಅಥವಾ ಕಾರ್ಯಾಚರಣೆಯ ಕಾರಣಕ್ಕೆ ಗೃಹ ಕಾರ್ಯದರ್ಶಿಯ ಆದೇಶ ಪಡೆಯಲಾಗದೆ ಐಜಿ ದರ್ಜೆಯ ಪೊಲೀಸ್ ಅಧಿಕಾರಿ ಆದೇಶ ಕೊಟ್ಟು, ಏಳು ಕೆಲಸದ ದಿನಗಳೊಳಗೆ ಅದಕ್ಕೆ ಒಪ್ಪಿಗೆ ಸಿಗದಿದ್ದರೆ ಕದ್ದಾಲಿಕೆ ನಿಲ್ಲಬೇಕು. ಅಲ್ಲಿಯವರೆಗೆ ಕೇಳಿದ್ದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ, ಅಳಿಸಿಹಾಕಬೇಕು. ಮಲ್ಕಾನಿ ತೀರ್ಪಿನ ಕಾಲದಿಂದ ಮುಚ್ಚಿದ್ದ ಬಾಗಿಲು ಒಂದು ಬೆರಳಿನಷ್ಟು ತೆರೆದಿದೆ. ಆದರೆ ಅಂಥ ಆದೇಶವೊಂದು ಒಪ್ಪಿಗೆ ಸಿಗದೆ ಬಿದ್ದುಹೋಯಿತು, ರೆಕಾರ್ಡಿಂಗ್ ಅಳಿಸಲಾಯಿತು ಅಂತ ಹೊರಗಿನವರಿಗೆ ತಿಳಿಯುವುದಾದರೂ ಹೇಗೆ?

ಯಾರ ಫೋನನ್ನು ಕದ್ದು ಕೇಳಲಾಯಿತೋ ಅವರಿಗೂ ತಿಳಿಯುವುದಿಲ್ಲ, ಅದೇ ನನ್ನ ದೊಡ್ಡ ಚಿಂತೆ. 2025ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟ್ 2011ರ ಒಂದು ಕದ್ದಾಲಿಕೆ ಆದೇಶವನ್ನು ರದ್ದು ಮಾಡಿತು. ಕದ್ದಾಲಿಕೆಗೆ ಕಾನೂನು ಕೇಳುವ ಎರಡು ಕಾರಣಗಳಲ್ಲಿ ಒಂದಾದರೂ ಇರಬೇಕು; ಲಂಚದ ತನಿಖೆ ಮಾತ್ರಕ್ಕೆ ಅದು ಸಾರ್ವಜನಿಕ ತುರ್ತೂ ಆಗುವುದಿಲ್ಲ, ಸಾರ್ವಜನಿಕ ಸುರಕ್ಷತೆಯೂ ಆಗುವುದಿಲ್ಲ ಅಂದಿತು. ಅದಕ್ಕೆ ಸ್ವಲ್ಪ ಮುಂಚೆ ದೆಹಲಿ ಹೈಕೋರ್ಟ್ ಭ್ರಷ್ಟಾಚಾರದ ಇನ್ನೊಂದು ಪ್ರಕರಣದಲ್ಲಿ ಉಲ್ಟಾ ಹೇಳಿತ್ತು. ಅದಿರಲಿ, ಸುಪ್ರೀಂ ಕೋರ್ಟ್ ನೋಡಿಕೊಳ್ಳಲಿ. ಮದ್ರಾಸಿನ ಆ ವ್ಯಕ್ತಿಗೆ ಪ್ರಶ್ನಿಸುವ ಅವಕಾಶ ಸಿಕ್ಕಿದ್ದು ಅವರ ಮೇಲೆ ಪ್ರಕರಣ ಬಿದ್ದಿದ್ದರಿಂದ. ಫೋನ್ ಕೇಳಿ, ಏನೂ ಸಿಗದೆ ಪೊಲೀಸರು ಸುಮ್ನೆ ಬಿಟ್ಟುಬಿಟ್ಟ ಜನರ ಗತಿ ಏನು? ತಪ್ಪು ಮಾಡದವನಿಗೇ ತನ್ನ ಮಾತು ಕೇಳಿಸಿಕೊಂಡರು ಎಂದು ಗೊತ್ತಾಗದ ವಿಚಿತ್ರ ಇದು. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತಲ್ಲ, ಅದಕ್ಕಾಗಿ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು. ಅವರ ಊರಿನಲ್ಲಾದರೂ ಈ ಹಕ್ಕು ಕಾಗದದಿಂದ ಕೆಳಗಿಳಿಯಬೇಡವೇ?

ಅಪಹರಣವಾದ ಮಗುವನ್ನು ಹುಡುಕಲು, ಬಾಂಬ್ ಇಡುವವರನ್ನು ಹಿಡಿಯಲು ಫೋನ್ ಕೇಳಲೇಬೇಕು. ಅದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಯಾರ ಹೆಸರನ್ನೂ ಕೇಳುತ್ತಿಲ್ಲ. ದೂರಸಂಪರ್ಕ ಕಾಯ್ದೆ ಕೇಂದ್ರದ್ದು, ತಿದ್ದುಪಡಿ ನಿಮ್ಮ ಕೈಯಲ್ಲಿಲ್ಲ ಅನ್ನುವುದೂ ಗೊತ್ತು. ನಿಮ್ಮ ಕೈಯಲ್ಲೇ ಇರುವುದನ್ನು ಕೇಳುತ್ತೇನೆ.

ವರ್ಷಕ್ಕೊಮ್ಮೆ ಸದನದ ಮುಂದೆ ಒಂದು ಹಾಳೆ ಇಡಿ. ಎಷ್ಟು ಆದೇಶ ಹೊರಟವು, ಎಷ್ಟನ್ನು ಮುಂದುವರಿಸಲಾಯಿತು, ಐಜಿ ದರ್ಜೆಯ ಅಧಿಕಾರಿ ಕೊಟ್ಟವು ಎಷ್ಟು, ಸಮಿತಿ ಎಷ್ಟು ಸಲ ಸೇರಿತು, ಎಷ್ಟನ್ನು ತಳ್ಳಿಹಾಕಿತು. ಅಷ್ಟೇ. ಅಮೆರಿಕದಲ್ಲಿ ಇಂಥ ವರದಿ ವರ್ಷವರ್ಷವೂ ಪ್ರಕಟವಾಗುತ್ತದೆ, ಖರ್ಚು ಮತ್ತು ಬಂಧನಗಳ ಲೆಕ್ಕ ಸಮೇತ. ಬೇಹುಗಾರಿಕೆಯಲ್ಲಿ ಅವರೇನೂ ಸಾಚಾಗಳಲ್ಲ, ಆದರೂ ಇಷ್ಟನ್ನಾದರೂ ಮಾಡುತ್ತಾರೆ.

ಜೊತೆಗೆ ಪೊಲೀಸರಿಗೆ ಒಂದು ಸುತ್ತೋಲೆ ಕಳಿಸಿ. ಚಾರ್ಜ್‌ಶೀಟಿನಲ್ಲಿ ಕದ್ದಾಲಿಕೆಯ ರೆಕಾರ್ಡಿಂಗ್ ಇದ್ದರೆ, ಅದರ ಆದೇಶದ ಪ್ರತಿ ಮತ್ತು ಸಮಿತಿಯ ತೀರ್ಮಾನದ ಪ್ರತಿ ಎರಡೂ ಜೊತೆಗಿರಲಿ. ಆಗ ಆರೋಪಿಯ ವಕೀಲರು ಅವುಗಳಿಗಾಗಿ ಅರ್ಜಿ ಹಾಕಿಕೊಂಡು ವಾಯಿದೆ ಕಾಯುವುದು ತಪ್ಪುತ್ತದೆ. ಸರಿಯಾಗಿ ಕೆಲಸ ಮಾಡಿದ ಪೊಲೀಸರಿಗೂ ಇದರಿಂದ ಅನುಕೂಲವೇ.

‘ಇದು ಗೋಪ್ಯ ವಿಷಯ’ ಎಂಬ ಉತ್ತರ ಬರಬಹುದು. ಆದರೆ ಕೇಂದ್ರ ಗೃಹ ಸಚಿವಾಲಯವೇ 2013ರಲ್ಲಿ ಮಾಹಿತಿ ಹಕ್ಕು ಅರ್ಜಿಯೊಂದಕ್ಕೆ ತಿಂಗಳಿಗೆ ಸರಾಸರಿ 7,500ರಿಂದ 9,000 ಆದೇಶ ಎಂದು ಉತ್ತರಿಸಿತ್ತು. ಕೇಂದ್ರದ ಲೆಕ್ಕ ಹೇಳಬಹುದಾದರೆ ರಾಜ್ಯದ್ದು ಯಾಕಾಗದು? ಒಟ್ಟು ಸಂಖ್ಯೆಯನ್ನೂ ಹೇಳಬಾರದು ಅನ್ನುವುದಾದರೆ, ಯಾವ ನಿಯಮದ ಯಾವ ಸಾಲು ಹಾಗೆ ಹೇಳುತ್ತದೆ ಎಂದು ದಯವಿಟ್ಟು ಬರೆದು ತಿಳಿಸಿ.

ವಂದನೆಗಳೊಂದಿಗೆ,
ಬೆಂಗಳೂರಿನ ಒಬ್ಬ ವಕೀಲೆ